ಕುಕ್ಕರಿನ ಉಂಗುರ, ಕಾರಿನ ಪ್ಯಾಕಿಂಗ್

ಭಾನುವಾರ ಬೆಳಿಗ್ಗೆ ಬೇಳೆ ಬೇಯಲು ಇಟ್ಟು ಅರ್ಧ ಗಂಟೆಯಾದರೂ ನಮ್ಮ ಕುಕ್ಕರ್ ಒಂದು ವಿಷಲ್ ಕೂಡ ಕೂಗಲಿಲ್ಲ. ಮುಚ್ಚಳದ ಅಂಚಿನಿಂದ ಬುಸ್ಸೆಂದು ಹಬೆ ಬರುತ್ತಿತ್ತು. ಬೇಳೆಯ ನೊರೆ ಒಲೆಯ ಮೇಲೆಲ್ಲ ಇಳಿದಿತ್ತು. ಆರನೇ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳು ಪುಟ್ಟಿ ಅಡುಗೆಮನೆಗೆ ಬಂದವಳೇ, "ಅತ್ತೆ, ಗ್ಯಾಸ್ಕೆಟ್ ಹೋಗಿದೆ" ಎಂದು ತೀರ್ಪು ಕೊಟ್ಟಳು.

ಅವಳ ಮಾತು ಸರಿಯಾಗಿತ್ತು. ಉಂಗುರ ಬಿಚ್ಚಿ ನೋಡಿದರೆ ಅದು ಗಟ್ಟಿಯಾಗಿ, ಅಲ್ಲಲ್ಲಿ ಚಪ್ಪಟೆಯಾಗಿತ್ತು. ಹಿಚುಕಿದರೆ ಹಿಚುಕಿದ ಹಾಗೇ ಇರುತ್ತಿತ್ತು. ಹೊಸ ಉಂಗುರ ಹಾಕಿದೆವು. ಐದೇ ನಿಮಿಷದಲ್ಲಿ ಕುಕ್ಕರ್ ಕೂಗಿತು.

ಅದೇ ದಿನ ಹತ್ತು ಗಂಟೆಗೆ ನಮ್ಮ ಹಳೆಯ ಕಾರನ್ನು ಬೀದಿಯ ಕೊನೆಯ ಗ್ಯಾರೇಜಿಗೆ ಒಯ್ಯಬೇಕಿತ್ತು. ಕೆಲವು ದಿನಗಳಿಂದ ಕಾರು ನಿಲ್ಲುವ ಜಾಗದಲ್ಲಿ ಕಪ್ಪು ಕಲೆ ಬೀಳುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಎಣ್ಣೆ ಸುಟ್ಟ ವಾಸನೆ ಬರುತ್ತಿತ್ತು. ಪುಟ್ಟಿಯೂ ಜೊತೆಗೆ ಬಂದಳು. ಮೇಸ್ತ್ರಿ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ ಹೇಳಿದರು: "ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ ಅಕ್ಕಾ."

"ಪ್ಯಾಕಿಂಗ್ ಅಂದರೆ ಏನು ಮಾಮ?"

"ನಿಮ್ಮನೆ ಕುಕ್ಕರಲ್ಲಿ ಇರುತ್ತಲ್ಲ ಪುಟ್ಟೀ, ರಬ್ಬರ್ ಉಂಗುರ. ಅದರ ಅಣ್ಣ ಇದು."

ಪುಟ್ಟಿ ನನ್ನ ಮುಖ ನೋಡಿದಳು. ಒಂದೇ ದಿನ ಎರಡು ಗ್ಯಾಸ್ಕೆಟ್! ಮಕ್ಕಳೇ, ಆ ದಿನ ಅವಳು ಕೇಳಿದ ಪ್ರಶ್ನೆಗಳಿಂದಲೇ ಈ ಬರಹ ಹುಟ್ಟಿದ್ದು.

ಎಂಜಿನ್ನಿನ ತಲೆಯ ಮೇಲೊಂದು ಮುಚ್ಚಳ

ಎಂಜಿನ್ ಕೂಡ ನಮ್ಮ ಹಾಗೆ ಉಸಿರಾಡುತ್ತದೆ. ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಎಳೆದುಕೊಂಡು, ಒತ್ತಿ, ಉರಿಸಿ, ಹೊಗೆಯನ್ನು ಹೊರಗೆ ಬಿಡುತ್ತದೆ. ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಬಾಗಿಲುಗಳು ಬೇಕಲ್ಲವೇ? ಆ ಬಾಗಿಲುಗಳೇ ವಾಲ್ವ್‌ಗಳು. ಪೆಟ್ರೋಲ್ ಉರಿಯುವ ಕೋಣೆಗಳಿಗೆ ಸಿಲಿಂಡರ್ ಎಂದು ಹೆಸರು. ನಾಲ್ಕು ಸಿಲಿಂಡರಿನ ಅನೇಕ ಕಾರುಗಳಲ್ಲಿ ಇಂಥ 16 ವಾಲ್ವ್‌ಗಳಿವೆ. ಅವುಗಳನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ಉದ್ದನೆಯ ಸರಳು. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಸರಳು ತಿರುಗುವಾಗ ಉಬ್ಬು ಬಂದು ವಾಲ್ವನ್ನು ಒತ್ತುತ್ತದೆ, ಉಬ್ಬು ದಾಟಿದೊಡನೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಈ ಬಾಗಿಲುಗಳು ಎಷ್ಟು ಬೇಗ ತೆರೆದು ಮುಚ್ಚುತ್ತವೆ, ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಕ್ಯಾಮ್‌ಶಾಫ್ಟಿನದು ಅದರ ಅರ್ಧ ವೇಗ, ಅಂದರೆ 1500 ಸುತ್ತು. 60ರಿಂದ ಭಾಗಿಸಿದರೆ ಸೆಕೆಂಡಿಗೆ 25. ನೀವು ಒಂದು ಸಲ ಚಿಟಿಕೆ ಹೊಡೆದು ಮತ್ತೊಂದು ಹೊಡೆಯುವಷ್ಟರಲ್ಲಿ ಪ್ರತಿ ವಾಲ್ವೂ ಹತ್ತಾರು ಸಲ ತೆರೆದು ಮುಚ್ಚಿರುತ್ತದೆ!

ಇಷ್ಟು ಉಜ್ಜಾಟಕ್ಕೆ ಎಣ್ಣೆ ಇಲ್ಲದಿದ್ದರೆ ಲೋಹ ಸವೆದು ಬಿಸಿಯೇರಿ ಹಾಳಾಗುತ್ತದೆ. ಅದಕ್ಕೇ ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿದ ಒಂದು ತೊಟ್ಟಿ ಇದೆ. ಅದಕ್ಕೂ ಸಂಪು ಎಂದೇ ಹೆಸರು. ಮನೆಯ ಸಂಪಿನಿಂದ ಮೋಟರು ತಾರಸಿಯ ಟ್ಯಾಂಕಿಗೆ ನೀರೆತ್ತುತ್ತದಲ್ಲ, ಹಾಗೆಯೇ ಇಲ್ಲಿ ಒಂದು ಪಂಪು ಎಣ್ಣೆಯನ್ನು ಎಂಜಿನ್ನಿನ ತಲೆಯವರೆಗೆ ಏರಿಸುತ್ತದೆ. ಕ್ಯಾಮ್‌ಶಾಫ್ಟನ್ನು ತೋಯಿಸಿ, ಸುತ್ತಲೂ ಎರಚಿ, ಎಣ್ಣೆ ತಾನೇ ಕೆಳಗಿಳಿದು ಸಂಪನ್ನು ಸೇರುತ್ತದೆ.

ಎರಚುವ ಎಣ್ಣೆ ಹೊರಗೆ ಸಿಡಿಯದಂತೆ ಎಂಜಿನ್ನಿನ ತಲೆಯ ಮೇಲೊಂದು ಮುಚ್ಚಳ ಇದೆ. ಪುಸ್ತಕದಲ್ಲಿ ಅದು ವಾಲ್ವ್ ಕವರ್, ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್. ಮುಚ್ಚಳಕ್ಕೂ ಕೆಳಗಿನ ಲೋಹಕ್ಕೂ ನಡುವೆ ಕೂತಿರುವುದೇ ನಮ್ಮ ಪ್ಯಾಕಿಂಗ್.

ನುಣುಪು ಲೋಹದ ಬೆಟ್ಟ ಕಣಿವೆ

"ಕಬ್ಬಿಣದ ಮೇಲೆ ಕಬ್ಬಿಣ ಇಟ್ಟು ಬೋಲ್ಟು ಬಿಗಿದರೆ ಆಯಿತಲ್ಲ, ನಡುವೆ ರಬ್ಬರ್ ಯಾಕೆ?" ಇದು ಪುಟ್ಟಿಯ ಎರಡನೇ ಪ್ರಶ್ನೆ. ಒಳ್ಳೆಯ ಪ್ರಶ್ನೆ.

ಬೆರಳಿಗೆ ನುಣುಪಾಗಿ ಸಿಗುವ ಲೋಹವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲೆ ಸಾಲು ಸಾಲು ಗೀರು, ದಿಬ್ಬ, ತಗ್ಗು ಕಾಣುತ್ತವೆ. ಅಂಥ ಎರಡು ಮೈಗಳನ್ನು ಒಂದರ ಮೇಲೊಂದು ಇಟ್ಟರೆ ದಿಬ್ಬಕ್ಕೆ ದಿಬ್ಬ ತಾಗುತ್ತದೆ, ತಗ್ಗುಗಳು ಹಾಗೇ ಸಂದುಗಳಾಗಿ ಉಳಿಯುತ್ತವೆ. ಆ ಕೂದಲೆಳೆಯ ಸಂದು ಎಣ್ಣೆಗೆ ಸಾಕು.

ಹೇಗೆ ಎನ್ನುವಿರಾ? ಸಂಜೆ ದೇವರ ಮುಂದೆ ಹಚ್ಚುವ ದೀಪವನ್ನು ನೋಡಿ. ಎಣ್ಣೆ ಕೆಳಗೆ ಹಣತೆಯಲ್ಲಿದೆ, ಉರಿ ಮೇಲೆ ಬತ್ತಿಯ ತುದಿಯಲ್ಲಿದೆ. ಯಾರೂ ತಳ್ಳದೆ ಎಣ್ಣೆ ಬತ್ತಿಯನ್ನು ಏರುತ್ತದೆ. ನೂಲಿನ ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ ದ್ರವ ತಾನಾಗಿ ನುಸುಳುವ ಈ ಗುಣಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ದೀಪದಲ್ಲಿ ಬೆಳಕು ಕೊಡುವ ಅದೇ ಗುಣ ಎಂಜಿನ್ನಿನ ಮುಚ್ಚಳದಲ್ಲಿ ಸೋರಿಕೆಗೆ ದಾರಿ ಮಾಡುತ್ತದೆ.

ಇನ್ನೊಂದು ತೊಂದರೆಯೂ ಇದೆ. ಲೋಹ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಮುಚ್ಚಳ 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸುಮಾರು 0.8 ಮಿಲಿಮೀಟರ್ ಉದ್ದವಾಗುತ್ತದೆ. ಎರಕದ ಕಬ್ಬಿಣವಾದರೆ ಅದರ ಅರ್ಧದಷ್ಟು ಮಾತ್ರ ಬೆಳೆಯುತ್ತದೆ. ಕಾರು ಹೊರಟಾಗ ಹಿಗ್ಗು, ನಿಂತಾಗ ಕುಗ್ಗು. ಸಂದಿನ ಆಕಾರ ದಿನವೂ ಬದಲಾಗುತ್ತಲೇ ಇರುತ್ತದೆ.

ತುಂಬಿದರೆ ಸಾಲದು, ಹಿಂದಕ್ಕೆ ಒತ್ತಬೇಕು

ಬಿರಿಯಾನಿಯನ್ನು ದಮ್ ಕಟ್ಟುವಾಗ ಪಾತ್ರೆಯ ಅಂಚಿಗೆ ಹಿಟ್ಟಿನ ಕಣಕ ಮೆತ್ತುವುದನ್ನು ನೋಡಿದ್ದೀರಾ? ಕಣಕ ಸಂದನ್ನೆಲ್ಲ ತುಂಬುತ್ತದೆ, ಹಬೆ ಒಳಗೇ ಉಳಿಯುತ್ತದೆ. ಆದರೆ ಮುಚ್ಚಳ ಒಂದು ಚೂರು ಮೇಲೆದ್ದರೂ ಅಲ್ಲಿ ಸಂದು ಬೀಳುತ್ತದೆ. ಏಕೆಂದರೆ ಕಣಕ ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಬಿಟ್ಟರೆ ಎದ್ದು ಬರುವುದಿಲ್ಲ.

ಈಗ ಒಂದು ಹೊಸ ಅಳಿಸುವ ರಬ್ಬರನ್ನು ಬೆರಳುಗಳ ನಡುವೆ ಹಿಚುಕಿ. ಅದು ನಿಮ್ಮ ಬೆರಳನ್ನು ಹಿಂದಕ್ಕೆ ಒತ್ತುತ್ತಿದೆ, ಅಲ್ಲವೇ? ಬೆರಳು ಸಡಿಲಿಸಿದಂತೆ ಅದೂ ಬೆನ್ನಟ್ಟಿ ಬರುತ್ತದೆ. ಪ್ಯಾಕಿಂಗಿನ ಗುಟ್ಟೆಲ್ಲ ಇಲ್ಲೇ ಇದೆ. ಬೋಲ್ಟು ಅದನ್ನು ಒತ್ತುತ್ತದೆ, ಅದು ಬೋಲ್ಟನ್ನು ಹಿಂದಕ್ಕೆ ಒತ್ತುತ್ತದೆ. ಮುಚ್ಚಳ ಹಿಗ್ಗಲಿ, ಕುಗ್ಗಲಿ, ನಡುಗಲಿ, ಪ್ಯಾಕಿಂಗ್ ಲೋಹದ ಮೈಯನ್ನು ಬಿಡದೆ ಹಿಂಬಾಲಿಸುತ್ತದೆ.

ರಬ್ಬರಿಗೆ ಈ ಶಕ್ತಿ ಎಲ್ಲಿಂದ ಬಂತು? ಅದರೊಳಗೆ ಸೇವಿಗೆಯ ಎಳೆಗಳಂತೆ ಸುತ್ತಿಕೊಂಡ ಉದ್ದುದ್ದ ಅಣುಸರಪಣಿಗಳಿವೆ. ಎಳೆದರೆ ಬಿಚ್ಚಿಕೊಳ್ಳುತ್ತವೆ, ಬಿಟ್ಟರೆ ಮತ್ತೆ ಸುರುಳಿಯಾಗುತ್ತವೆ. ಮರದ ಹಾಲಿನಿಂದ ಬಂದ ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡುವ ವಿಧಾನ ಕಂಡುಕೊಂಡರು. ಗಂಧಕ ಆ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕುತ್ತದೆ. ಹೀಗೆ ಗಂಟು ಬಿದ್ದ ಬಲೆ ಎಳೆದು ಬಿಟ್ಟರೆ ತನ್ನ ಆಕಾರಕ್ಕೆ ಮರಳುತ್ತದೆ.

ಆದರೆ ಈ ಶಕ್ತಿಗೂ ಮುಪ್ಪು ಇದೆ. ಅಟ್ಟದ ಮೇಲಿನ ಹಳೆಯ ಕಾಗದದ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡನ್ನು ಮುಟ್ಟಿ ನೋಡಿ, ಪಟ್ಟನೆ ತುಂಡಾಗುತ್ತದೆ. ಬಿಸಿಯೂ ಗಾಳಿಯ ಆಮ್ಲಜನಕವೂ ವರ್ಷಗಟ್ಟಲೆ ಕೆಲಸ ಮಾಡಿ ಕೆಲವು ಎಳೆಗಳನ್ನು ಕತ್ತರಿಸುತ್ತವೆ, ಕೆಲವು ಕಡೆ ಬೇಡದ ಗಂಟುಗಳನ್ನು ಹಾಕುತ್ತವೆ. ಎಂಜಿನ್ನಿನ ತಲೆಯ ಮೇಲೆ ದಿನವೂ ಬೇಯುವ ಪ್ಯಾಕಿಂಗಿಗೂ ಇದೇ ಗತಿ. ಕೊನೆಗೆ ಅದು ಗಟ್ಟಿಯಾಗಿ, ಒತ್ತಿದ ಆಕಾರದಲ್ಲೇ ಉಳಿದುಬಿಡುತ್ತದೆ. ನಮ್ಮ ಕುಕ್ಕರಿನ ಹಳೆಯ ಉಂಗುರ ನೆನಪಾಯಿತೇ?

ಹಿಂದಕ್ಕೆ ಒತ್ತುವ ಈ ಗುಣ ಎಷ್ಟು ದೊಡ್ಡದೆಂದು ಜಗತ್ತು ಒಂದು ದುಃಖದ ದಿನ ಕಲಿಯಿತು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಒಡೆದುಹೋಯಿತು. ಶಾಲಾ ಶಿಕ್ಷಕಿಯೊಬ್ಬರೂ ಸೇರಿ ಏಳು ಮಂದಿ ತೀರಿಕೊಂಡರು. ಆ ದಿನ ಬೆಳಿಗ್ಗೆ ವಿಪರೀತ ಚಳಿ. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಬಿರುಸಾಗಿ, ತೆರೆದ ಸಂದನ್ನು ತಕ್ಷಣ ಹಿಂಬಾಲಿಸಿ ಮುಚ್ಚಲಾರದೆ ಹೋಯಿತು. ತನಿಖೆಯ ಸಮಿತಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎಲ್ಲರ ಎದುರಿಗೆ ಆ ರಬ್ಬರಿನ ಚೂರನ್ನು ಪುಟ್ಟ ಹಿಡಿಕೆಯಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಇಳಿಬಿಟ್ಟರು. ಹೊರತೆಗೆದು ಸಡಿಲಿಸಿದಾಗ ರಬ್ಬರ್ ಕೂಡಲೇ ಎದ್ದು ಬರಲಿಲ್ಲ. ಒಂದು ಲೋಟ ನೀರು ದೊಡ್ಡ ಸತ್ಯವನ್ನು ತೋರಿಸಿಕೊಟ್ಟಿತು.

ಮರದ ತೊಗಟೆ, ಮರದ ಹಾಲು

ಹಳೆಯ ಎಂಜಿನ್ನುಗಳಲ್ಲಿ ಈ ಪ್ಯಾಕಿಂಗನ್ನು ಕಾರ್ಕಿನಿಂದ ಮಾಡುತ್ತಿದ್ದರು. ಕಾರ್ಕ್ ಒಂದು ಜಾತಿಯ ಓಕ್ ಮರದ ತೊಗಟೆ. ಪೋರ್ಚುಗಲ್ ದೇಶದಲ್ಲಿ ಇದು ಹೇರಳ. ಮರವನ್ನು ಕಡಿಯದೆ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯನ್ನು ಸುಲಿಯುತ್ತಾರೆ, ಮರ ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ತಾನು ಕಂಡ ಕಾರ್ಕಿನ ಪುಟ್ಟ ಪುಟ್ಟ ಕೋಣೆಗಳನ್ನು ವರ್ಣಿಸಿ ಅವಕ್ಕೆ 'ಸೆಲ್' ಎಂದು ಹೆಸರಿಟ್ಟ. ನೀವು ಪಾಠದಲ್ಲಿ ಓದುವ ಜೀವಕೋಶದ ಹೆಸರು ಹುಟ್ಟಿದ್ದು ಅಲ್ಲಿಂದ! ಆ ಕೋಣೆಗಳ ತುಂಬ ಗಾಳಿ. ಒತ್ತಿದರೆ ಗಾಳಿ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಆದರೆ ಕಾರ್ಕ್ ವರ್ಷಗಳ ಬಿಸಿಗೆ ಒಣಗಿ ಬಿರುಕು ಬಿಡುತ್ತದೆ. ಆದ್ದರಿಂದ ಇಂದಿನ ಎಂಜಿನ್ನುಗಳಲ್ಲಿ ಹೆಚ್ಚಾಗಿ ರಬ್ಬರೇ ಇದೆ.

ರಬ್ಬರ್ ಎಂದ ಕೂಡಲೇ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಮಕ್ಕಳಿಗೆ ತೋಟ ಕಣ್ಮುಂದೆ ಬಂದಿರಬಹುದು. ನಸುಕಿನಲ್ಲಿ ಮರಕ್ಕೆ ಗೀರು ಹಾಕಿ ಹಾಲು ಇಳಿಸುವುದನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಆ ರಬ್ಬರನ್ನು ಎಣ್ಣೆಯ ನಡುವೆ ಕೂರಿಸುವಂತಿಲ್ಲ. ಯಾಕೆ ಎಂದು ತಿಳಿಯಲು ಒಂದು ಪ್ರಯೋಗ ಮಾಡಿ. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ನೀರಿನ ಬಟ್ಟಲಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯ ಬಟ್ಟಲಲ್ಲಿ ಮುಳುಗಿಸಿಡಿ. ಮೂರು ನಾಲ್ಕು ದಿನ ಬಿಟ್ಟು ಒರೆಸಿ, ಪಕ್ಕಪಕ್ಕದಲ್ಲಿಟ್ಟು ಅಳೆಯಿರಿ. ಎಣ್ಣೆಯಲ್ಲಿದ್ದದ್ದು ಉಬ್ಬಿ ಮೆತ್ತಗಾಗಿರುತ್ತದೆ.

ಸಹಜ ರಬ್ಬರಿನ ಎಳೆಗಳು ಕಾರ್ಬನ್ ಮತ್ತು ಹೈಡ್ರೋಜನ್‌ಗಳಿಂದ ಆದವು. ಎಂಜಿನ್ ಆಯಿಲ್ ಕೂಡ ಬಹುಪಾಲು ಅವುಗಳಿಂದಲೇ ಆದದ್ದು. ನೆಂಟರ ಮನೆಗೆ ಬಂದಂತೆ ಎಣ್ಣೆ ರಬ್ಬರಿನೊಳಗೆ ಸೇರಿಕೊಂಡುಬಿಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳು ಎಳೆಗಳಲ್ಲಿ ನೈಟ್ರೋಜನ್ ಇರುವ ನೈಟ್ರೈಲ್ ರಬ್ಬರನ್ನು ತಯಾರಿಸಿದರು. ಅದರ ಸ್ವಭಾವ ಎಣ್ಣೆಗೆ ಒಗ್ಗದು, ಆದ್ದರಿಂದ ಎಣ್ಣೆ ಅದರೊಳಗೆ ಸುಲಭವಾಗಿ ನುಗ್ಗಲಾರದು. ಇಂದು ನೈಟ್ರೈಲ್, ಸಿಲಿಕೋನ್, ಅಕ್ರಿಲಿಕ್ ಹೀಗೆ ಬೇರೆ ಬೇರೆ ರಬ್ಬರುಗಳ ಪ್ಯಾಕಿಂಗುಗಳಿವೆ.

ಸೋರುವ ಜಾಗ ಯಾವುದು?

ಗ್ಯಾರೇಜಿಗೆ ಮರಳೋಣ. ನೆಲದ ಮೇಲೆ ಎಣ್ಣೆ ಬಿದ್ದ ಜಾಗವನ್ನು ತೋರಿಸಿ ಪುಟ್ಟಿ, "ಇದರ ನೇರಕ್ಕೇ ತೂತು ಇರಬೇಕು" ಎಂದಳು. ಮೇಸ್ತ್ರಿ ತಲೆಯಾಡಿಸಿದರು. "ಎಣ್ಣೆ ಸುಳ್ಳು ಹೇಳುತ್ತೆ ಪುಟ್ಟೀ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ತೊಟ್ಟಿಕ್ಕುತ್ತೆ."

ಎಣ್ಣೆ ಲೋಹದ ಮೈಗೆ ಅಂಟಿಕೊಂಡು ಕೆಳಗೆ ಹರಿಯುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ. ಹೀಗಾಗಿ ಕೆಳಗಿನ ಕಲೆ ನೋಡಿ ಜಾಗ ಹೇಳುವಂತಿಲ್ಲ. ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದು ಎಂದು ಹುಡುಕಬೇಕು. ಮೇಸ್ತ್ರಿ ಮೊದಲು ಎಂಜಿನ್ನನ್ನು ಪೂರ್ತಿ ಒರೆಸಿದರು. ಆಮೇಲೆ ಮುಚ್ಚಳದ ಅಂಚಿನುದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿದರು. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿದಾಗ, ಬೆಳ್ಳಗಿನ ಪೌಡರಿನ ನಡುವೆ ಹಿಂಬದಿಯ ಒಂದು ಮೂಲೆಯಲ್ಲಿ ಸಣ್ಣ ಕಪ್ಪು ಗೆರೆ ಮೂಡಿತ್ತು. ಕಳ್ಳ ಸಿಕ್ಕಿಬಿದ್ದ!

"ಬೋಲ್ಟು ಇನ್ನೂ ಬಿಗಿ ಮಾಡಿದರೆ ನಿಲ್ಲಲ್ಲವಾ ಮಾಮ?" ಬೋಲ್ಟು ಸಡಿಲವಾಗಿದ್ದಾಗ ಮಾತ್ರ ಅದು ಮದ್ದು. ರಬ್ಬರೇ ಗಟ್ಟಿಯಾದ ಮೇಲೆ ಬಿಗಿದಷ್ಟೂ ಕೆಡುಕು. ಹಿಂದಕ್ಕೆ ಒತ್ತುವ ಶಕ್ತಿ ಇಲ್ಲದ ಪ್ಯಾಕಿಂಗ್ ಹಿಂಡಿ ಹೋಗುತ್ತದೆ, ತೆಳುವಾದ ಮುಚ್ಚಳ ಬೋಲ್ಟಿನ ಹತ್ತಿರ ಬಾಗುತ್ತದೆ. ಎರಡು ಬೋಲ್ಟುಗಳ ನಡುವೆ ಸಂದು ಇನ್ನೂ ದೊಡ್ಡದಾಗುತ್ತದೆ.

ಕೈ ಮೆತ್ತಗಿದ್ದರೆ ಕೆಲಸ ಗಟ್ಟಿ

ಎಂಜಿನ್ ತಣ್ಣಗಾಗುವವರೆಗೆ ಕಾದೆವು. ಆಮೇಲೆ ಮುಚ್ಚಳದ ಸುತ್ತಲಿನ ಧೂಳು ಒಳಗೆ ಬೀಳದಂತೆ ಒರೆಸಿ, ಬೋಲ್ಟುಗಳನ್ನು ಬಿಚ್ಚಿ, ಮುಚ್ಚಳವನ್ನು ಮೆಲ್ಲಗೆ ಎತ್ತಿದರು. ಪುಟ್ಟಿ ಕ್ಯಾಮ್‌ಶಾಫ್ಟನ್ನು ಕಣ್ಣಾರೆ ಕಂಡಳು. ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿತ್ತು. ಹಳೆಯ ಪ್ಯಾಕಿಂಗ್ ಕೈಗೆ ಬಂದಾಗ ಬಿಸಿಲಿಗೆ ಒಣಗಿದ ಸಂಡಿಗೆಯಂತೆ ಲಟಕ್ಕೆಂದು ಮುರಿಯಿತು.

ಎರಡೂ ಮೈಗಳನ್ನು ಒರೆಸಲು ಮೇಸ್ತ್ರಿ ತೆಗೆದುಕೊಂಡಷ್ಟು ಹೊತ್ತನ್ನು ಬೇರೆ ಯಾವುದಕ್ಕೂ ತೆಗೆದುಕೊಳ್ಳಲಿಲ್ಲ. ಹಳೆಯ ರಬ್ಬರಿನ ಒಂದು ಚೂರು ಉಳಿದರೂ ಹೊಸ ಪ್ಯಾಕಿಂಗ್ ಅಲ್ಲಿ ಎತ್ತರವಾಗಿ, ಪಕ್ಕದಲ್ಲಿ ಸಂದು ಉಳಿಯುತ್ತದೆ. ಅಲ್ಯೂಮಿನಿಯಂ ಮೆತ್ತನೆಯ ಲೋಹ, ಚೂಪಾದ ಕಬ್ಬಿಣದಿಂದ ಕೆರೆದರೆ ಗೀರು ಬೀಳುತ್ತದೆ, ಆ ಗೀರೇ ಎಣ್ಣೆಗೆ ಕಾಲುವೆಯಾಗುತ್ತದೆ. ಅದಕ್ಕೇ ಅವರು ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಾಗಿ ಕೆರೆದು, ಬಟ್ಟೆಯಿಂದ ಉಜ್ಜಿದರು.

ಹೊಸ ಪ್ಯಾಕಿಂಗನ್ನು ಮುಚ್ಚಳದ ತೋಡಿನೊಳಗೆ ಸುತ್ತಲೂ ಬೆರಳಿನಿಂದ ಒತ್ತಿ ಕೂರಿಸಿದರು. ಎರಡು ಲೋಹಗಳು ಸೇರುವ ಮೂಲೆಗಳಲ್ಲಿ ಕಡಲೆಬೇಳೆಯಷ್ಟು ಸಿಲಿಕೋನ್ ಪೇಸ್ಟ್ ಇಟ್ಟರು. ಟ್ಯೂಬಿನಲ್ಲಿ ಮೆತ್ತಗಿರುವ ಆ ಪೇಸ್ಟ್ ಹೊರಗೆ ಬಂದ ಮೇಲೆ ಗಾಳಿಯಲ್ಲಿರುವ ತೇವದ ಜೊತೆ ಸೇರಿ ರಬ್ಬರಿನಂತೆ ಗಟ್ಟಿಯಾಗುತ್ತದೆ.

ಕೊನೆಗೆ ಬೋಲ್ಟು. ಮೊದಲು ಎಲ್ಲವನ್ನೂ ಕೈಯಿಂದಲೇ ತಿರುಗಿಸಿದರು. ಆಮೇಲೆ ನಡುವಿನದ್ದು, ಅದರ ಎದುರಿನದ್ದು, ಹೀಗೆ ನಡುವಿನಿಂದ ಹೊರಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರು. ಯಾಕೆ ಹೀಗೆ? ಪಾತ್ರೆ ತಿಕ್ಕುವ ಸ್ಪಂಜಿನ ಮೇಲೆ ಒಂದು ತಟ್ಟೆ ಇಟ್ಟು ಒಂದೇ ಅಂಚನ್ನು ಒತ್ತಿ ನೋಡಿ, ಎದುರಿನ ಅಂಚು ಮೇಲೇಳುತ್ತದೆ. ಸುತ್ತಲೂ ಸಮವಾಗಿ ಒತ್ತಿದರೆ ಸ್ಪಂಜು ಸಮವಾಗಿ ಕೂರುತ್ತದೆ.

ಎಷ್ಟು ಬಿಗಿಯಬೇಕು ಎಂಬುದಕ್ಕೂ ಅಳತೆ ಇದೆ. 1 ಮೀಟರ್ ಉದ್ದದ ಕೋಲಿನ ತುದಿಗೆ 1 ಕಿಲೋ ಬೆಲ್ಲವನ್ನು ತೂಗುಹಾಕಿದರೆ ಇನ್ನೊಂದು ತುದಿಯಲ್ಲಿ ಉಂಟಾಗುವ ತಿರುಚುವ ಬಲ ಸುಮಾರು 10 ನ್ಯೂಟನ್ ಮೀಟರ್. ಬಹಳಷ್ಟು ಕಾರುಗಳಲ್ಲಿ ಈ ಮುಚ್ಚಳದ ಸಣ್ಣ ಬೋಲ್ಟುಗಳಿಗೆ ಸುಮಾರು ಇಷ್ಟೇ ಬಲ ಸಾಕು. ಚಕ್ರದ ನಟ್ಟುಗಳಿಗೆ ಇದರ ಹತ್ತರಷ್ಟು ಬೇಕು. ಸರಿಯಾದ ಅಳತೆ ಮುಟ್ಟಿದೊಡನೆ ಟಿಕ್ ಎಂದು ಸದ್ದು ಮಾಡುವ ಟಾರ್ಕ್ ರೆಂಚ್ ಮೇಸ್ತ್ರಿಯ ಬಳಿ ಇತ್ತು. ಟಿಕ್ ಎಂದ ಕೂಡಲೇ ಅವರು ಕೈ ನಿಲ್ಲಿಸುತ್ತಿದ್ದರು.

ಎಂಜಿನ್ನಿಗೂ ಉಸಿರುಗಂಡಿ ಬೇಕು

ಎಲ್ಲ ಮುಗಿಯಿತು ಎಂದುಕೊಂಡೆವು. ಮೇಸ್ತ್ರಿ ಮುಚ್ಚಳದ ಮೇಲಿನ ಒಂದು ರಬ್ಬರ್ ಕೊಳವೆಯನ್ನು ಬಿಚ್ಚಿ ನೋಡಿದರು. ಅದು ಬ್ರೀದರ್ ಪೈಪ್. ಸಿಲಿಂಡರಿನಲ್ಲಿ ಉರಿದ ಅನಿಲ, ಅಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೆಳಗೆ ನುಸುಳುತ್ತದೆ. ಆ ಅನಿಲ ಈ ಕೊಳವೆಯಿಂದ ಹೊರಬಂದು ಮತ್ತೆ ಎಂಜಿನ್ನಿನ ಗಾಳಿದಾರಿ ಸೇರಿ ಉರಿದುಹೋಗುತ್ತದೆ. ಕೊಳವೆಯಲ್ಲಿ ಜಿಡ್ಡು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆಯನ್ನು ಸಿಕ್ಕ ಸಂದಿನಿಂದ ಹೊರತಳ್ಳುತ್ತದೆ. ಕುಕ್ಕರಿನ ವಿಷಲ್ ತೂತಿಗೆ ಬೇಳೆಸಿಪ್ಪೆ ಸಿಕ್ಕಿಕೊಂಡಂತೆ! ನಮ್ಮ ಕಾರಿನ ಕೊಳವೆಯಲ್ಲೂ ಜಿಡ್ಡಿತ್ತು. ಅದನ್ನು ತೊಳೆಯದಿದ್ದರೆ ಹೊಸ ಪ್ಯಾಕಿಂಗೂ ಬೇಗ ಸೋತುಹೋಗುತ್ತಿತ್ತು. ಸೋರುವ ಜಾಗ ಮುಚ್ಚಿದರೆ ಅರ್ಧ ರಿಪೇರಿ, ಸೋರುವ ಕಾರಣ ತೆಗೆದರೆ ಪೂರ್ತಿ ರಿಪೇರಿ.

ಒಂದು ತೊಟ್ಟು ಎಣ್ಣೆ

"ಇಷ್ಟು ಸಣ್ಣ ಸೋರಿಕೆಗೆ ಇಷ್ಟು ಕೆಲಸವಾ?" ಎಂದು ನಿಮಗೆ ಅನಿಸಬಹುದು. ಲೆಕ್ಕ ಹಾಕಿ. 20 ತೊಟ್ಟು ಸೇರಿದರೆ ಸುಮಾರು 1 ಮಿಲಿಲೀಟರ್. ನಿಮಿಷಕ್ಕೆ ಒಂದೇ ತೊಟ್ಟು ಬಿಡದೆ ಬಿದ್ದರೆ ದಿನಕ್ಕೆ 1440 ತೊಟ್ಟು, ಅಂದರೆ 72 ಮಿಲಿಲೀಟರ್. ಹದಿನಾಲ್ಕು ದಿನಕ್ಕೆ ಒಂದು ಲೀಟರ್! ಸಣ್ಣ ಕಾರಿನ ಸಂಪಿನಲ್ಲಿ ಇರುವುದೇ ಮೂರು ನಾಲ್ಕು ಲೀಟರ್ ಎಣ್ಣೆ. ಸೋರಿದ ಎಣ್ಣೆ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊಗೆ, ವಾಸನೆ, ಕೆಲವೊಮ್ಮೆ ಬೆಂಕಿಯ ಅಪಾಯ. ಸ್ಪಾರ್ಕ್ ಪ್ಲಗ್ಗಿನ ಗುಂಡಿಗೆ ಇಳಿದರೆ ಕಿಡಿ ಸರಿಯಾಗಿ ಹಾರದೆ ಎಂಜಿನ್ ಮುಗ್ಗರಿಸುತ್ತದೆ.

ಎಣ್ಣೆ ರಸ್ತೆಗೆ ಬಿದ್ದರೂ ಕಥೆ ಮುಗಿಯುವುದಿಲ್ಲ. ಮಳೆ ಬಂದಾಗ ರಸ್ತೆಯ ನೀರಿನ ಮೇಲೆ ಏಳು ಬಣ್ಣದ ಚಿತ್ತಾರ ನೋಡಿದ್ದೀರಲ್ಲ? ಅದು ಬಹಳ ತೆಳುವಾಗಿ ಹರಡಿದ ಎಣ್ಣೆಯ ಪೊರೆ. ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಹಿಂತಿರುಗುವ ಬೆಳಕು ಒಂದನ್ನೊಂದು ಕೂಡಿ, ಕಳೆದು ಬಣ್ಣ ಮೂಡಿಸುತ್ತದೆ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕೊಳವೊಂದಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದಾಗ ಅದು ಸುಮಾರು ಅರ್ಧ ಎಕರೆ ನೀರಿನ ಮೇಲೆ ಹರಡಿತೆಂದು 1774ರಲ್ಲಿ ಪ್ರಕಟವಾದ ಅವರ ಬರಹದಲ್ಲಿದೆ. ಒಂದು ಚಮಚಕ್ಕೆ ಅಷ್ಟಾದರೆ, ನಮ್ಮ ಊರಿನ ವಾಹನಗಳಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುವ ಎಣ್ಣೆ ಎಷ್ಟು ದೂರ ಹರಡೀತು! ಬಳಸಿದ ಎಂಜಿನ್ ಆಯಿಲನ್ನು ನಮ್ಮ ದೇಶದ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿ ಇಟ್ಟಿವೆ. ಅದನ್ನು ಚರಂಡಿಗೆ ಸುರಿಯುವಂತಿಲ್ಲ.

ಸಂಜೆ ಮನೆಗೆ ಬಂದ ಪುಟ್ಟಿ ಕಾರು ನಿಲ್ಲುವ ಜಾಗವನ್ನು ತೊಳೆದು, ಕೆಳಗೊಂದು ರಟ್ಟು ಹಾಸಿದಳು. ಬೆಳಿಗ್ಗೆ ಎದ್ದವಳೇ ಮೊದಲು ರಟ್ಟು ನೋಡಿದಳು. ಒಂದು ಕಲೆಯೂ ಇರಲಿಲ್ಲ.

ನೀವೂ ಇವತ್ತು ನಿಮ್ಮ ಮನೆಯ ಸ್ಕೂಟರೋ ಕಾರೋ ಆಟೋವೋ ನಿಲ್ಲುವ ಜಾಗದಲ್ಲಿ ಒಂದು ರಟ್ಟು ಹಾಸಿಡಿ. ಬಿಸಿ ಎಂಜಿನ್ನಿಗೆ ಕೈ ಹಾಕಬೇಡಿ, ಅದು ದೊಡ್ಡವರ ಕೆಲಸ. ಬೆಳಿಗ್ಗೆ ರಟ್ಟಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅಪ್ಪ ಅಮ್ಮನಿಗೆ ತೋರಿಸಿ, ಗ್ಯಾರೇಜಿಗೆ ಕರೆದೊಯ್ಯುವಂತೆ ಹೇಳಿ. ನಿಮ್ಮ ಊರಿನ ಕೆರೆಗೆ ಹೋಗಬೇಕಿದ್ದ ಎಣ್ಣೆ ಅಲ್ಲಿಗೇ ನಿಲ್ಲುತ್ತದೆ.